ಮೇಲಿನ ಚಿಲಕ

ತಪ್... ತಪ್.

ಒದ್ದೆ ಬಟ್ಟೆಯನ್ನು ಮೆಲ್ಲಗೆ ಮರಕ್ಕೆ ಬಡಿದಂಥ ಸದ್ದು. ಅಕ್ಕ ಕಣ್ಣು ಬಿಟ್ಟಳು. ಬೀದಿದೀಪದ ಬೆಳಕು ಕಿಟಕಿಯಿಂದ ಒಂದು ಪಟ್ಟಿಯಾಗಿ ಬಂದು, ಮೂಲೆಯಲ್ಲಿ ಸುತ್ತಿಟ್ಟ ಪುಟ್ಟ ಹಾಸಿಗೆಗಳ ಮೇಲೆ ಬಿದ್ದಿತ್ತು. ಉಳಿದದ್ದೆಲ್ಲ ಕತ್ತಲು. ಉಸಿರು ಬಿಗಿಹಿಡಿದು ಕಾದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ, ಈ ಸಲ ಇನ್ನೂ ಮೆತ್ತಗೆ: ತಪ್.

ಎದ್ದು ಹೋಗಿ ನೋಡುವುದು ಅವಳ ಹುಟ್ಟುಗುಣ. ಆದರೆ ಸಂಜೆಯಷ್ಟೇ ತಂಗಿ ಫೋನಿನಲ್ಲಿ ಚೆನ್ನಾಗಿ ಬೈದಿದ್ದಳು. "ಅಲ್ಲ ಅಕ್ಕ, ಫ್ರಿಜ್ಜು ಗುರ್ ಅಂದ್ರೂ ಎದ್ದು ಕೂತ್ಕೋತೀಯಲ್ಲ, ಹೀಗಾದ್ರೆ ನಿನ್ನ ತಲೆ ಕೆಡುತ್ತೆ ಅಷ್ಟೇ. ಹಗಲೆಲ್ಲ ಊರ ಮಕ್ಕಳನ್ನ ಕಾಯೋದು, ರಾತ್ರಿಯೆಲ್ಲ ನಲ್ಲಿ ಪೈಪು ಕಾಯೋದು. ಇವತ್ತೊಂದು ರಾತ್ರಿ, ಏನೇ ಕೇಳಿಸ್ಲಿ, ಏಳಲ್ಲ ಅಂತ ಹಟ ಹಿಡಿದು ಮಲಗು. ಏನು ಕೊಳ್ಳೆ ಹೋಗುತ್ತೆ ನೋಡೋಣ."

ಅಕ್ಕ ಹಟ ಹಿಡಿದಳು. ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು. ಸದ್ದು ನಿಂತಿತು. ಪೈಪಿನೊಳಗೆ ಗಾಳಿ, ಮತ್ತೇನಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಬಹಳ ದಿನಗಳ ಮೇಲೆ ಗಾಢವಾದ ನಿದ್ದೆ ಬಂತು.

ಹುಟ್ಟಿದಾಗಿನಿಂದ ಅವಳನ್ನು ಅಕ್ಕ ಎನ್ನುವ ಹಕ್ಕಿದ್ದದ್ದು ಆ ತಂಗಿಗೊಬ್ಬಳಿಗೇ. ಆದರೆ ಆ ಕಟ್ಟಡದಲ್ಲಿ ಅವಳು ಎಲ್ಲರಿಗೂ ಅಕ್ಕ. ಮೊದಲನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದುಕೊಂಡು, ಕೆಲಸಕ್ಕೆ ಹೋಗುವವರ ಮಕ್ಕಳನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ನೋಡಿಕೊಳ್ಳುತ್ತಿದ್ದಳು. ಎಲ್ಲರ ಚಪ್ಪಲಿಯನ್ನೂ ಗೋಡೆಯುದ್ದಕ್ಕೆ ಸಾಲಾಗಿ ಜೋಡಿಸುವ 'ಇರುವೆ', ಕೂತಲ್ಲಿಂದಲೇ ಬೆರಳು ತೋರಿಸಿ ಬೇಕಾದ್ದನ್ನು ತರಿಸಿಕೊಳ್ಳುವ 'ದೊರೆ', ಎಲ್ಲರಿಗಿಂತ ಸಣ್ಣವನು 'ಗುಂಡ'. ಹೆಸರಿಟ್ಟವಳು ಅಕ್ಕನೇ, ಈಗ ತಾಯಂದಿರೂ ಹಾಗೆಯೇ ಕರೆಯುತ್ತಿದ್ದರು. ಗುಂಡನ ಮನೆ ಸರಿಯಾಗಿ ಅವಳ ತಲೆಯ ಮೇಲೆ, ಎರಡನೆಯ ಮಹಡಿಯಲ್ಲಿ. ತಾಯಿ ದೊಡ್ಡಾಸ್ಪತ್ರೆಯಲ್ಲಿ ನರ್ಸು. ತಂದೆ ಲಾರಿ ಓಡಿಸುವವನು, ತಿಂಗಳಲ್ಲಿ ಅರ್ಧ ರಸ್ತೆಯ ಮೇಲೆ. ಮನೆಯಲ್ಲಿ ಉಳಿದವಳು ತಂದೆಯ ತಾಯಿ, ಮಂಡಿ ಹಿಡಿದ, ಕಿವಿ ಸ್ವಲ್ಪ ದೂರವಾದ, ನಾಲಿಗೆ ಮಾತ್ರ ಬಹಳ ಹತ್ತಿರವಿದ್ದ ಅಜ್ಜಿ.

ದಿನಾ ಬೆಳಿಗ್ಗೆ ತಾಯಿ ಗುಂಡನನ್ನು ಎತ್ತಿಕೊಂಡು ಒಂದು ಮಹಡಿ ಇಳಿದು ಬರುತ್ತಿದ್ದಳು. ಗಂಟೆ ಒತ್ತುವಂತಿರಲಿಲ್ಲ, ಗುಂಡನೇ ಅಂಗೈ ಬಿಚ್ಚಿ ಬಾಗಿಲಿಗೆ ಬಡಿಯಬೇಕು. ಒಳಗಿನಿಂದ ಅಕ್ಕ, "ಯಾರಪ್ಪ ಅದು? ಕಳ್ಳನಾ ಪೊಲೀಸಾ?" ಎನ್ನಬೇಕು. ಆಮೇಲೆಯೇ ಬಾಗಿಲು ತೆರೆಯುವುದು. ಅದು ಅವರ ಮೂವರ ಆಟ.

ಒಂದೊಂದು ಮಗುವಿಗೂ ಅಕ್ಕ ಒಂದೊಂದು ಪುಸ್ತಕ ಇಟ್ಟಿದ್ದಳು. ದಿನಕ್ಕೊಂದು ಪುಟ, ಪುಟಕ್ಕೆ ನಾಲ್ಕು ಮನೆ: ತಿಂದದ್ದು, ಮಲಗಿದ್ದು, ಮೈಕೈ, ಹೊಸದು. ಮೈಕೈ ಎಂದರೆ ಬಿದ್ದದ್ದು, ತರಚಿದ್ದು, ಕಚ್ಚಿಸಿಕೊಂಡದ್ದು. ಸಂಜೆ ಮಗುವನ್ನು ಕರೆದೊಯ್ಯುವಾಗ ತಾಯಿಯೋ ತಂದೆಯೋ ಓದಿ, ಕೆಳಗೆ ಸಹಿ ಮಾಡಬೇಕು. ಅಕ್ಕನಿಗೆ ಈ ಪುಸ್ತಕಗಳೆಂದರೆ ಜೀವ. ಅಜ್ಜಿ ಮಾತ್ರ, "ಏನಿದೆ ಅದರಲ್ಲಿ? ಉಚ್ಚೆ ಕಕ್ಕದ ಪುರಾಣ. ಅದಕ್ಕೊಂದು ಸಹಿ ಬೇರೆ," ಎಂದು ಮೂಗು ಮುರಿಯುತ್ತಿದ್ದಳು.

ತೊಂದರೆ ಬಂದದ್ದು ನಾಲ್ಕನೆಯ ಮನೆಯಿಂದ. ಗುಂಡ ಮೊದಲ ಸಲ ಯಾರ ಆಸರೆಯೂ ಇಲ್ಲದೆ ಕೂತ ದಿನ ಅಕ್ಕ ಸಂಭ್ರಮದಿಂದ 'ಹೊಸದು' ಎಂಬಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದಳು: ಇವತ್ತು ಗುಂಡ ತಾನೇ ಕೂತ! ತಾಯಿ ಹೊಸ್ತಿಲಲ್ಲೇ ನಿಂತು ಓದಿದಳು. ಓದಿದವಳ ತುಟಿ ಅದುರಿತು.

"ಚೆನ್ನಾಗಿದೆ ಅಕ್ಕ," ಅಂದಳು. ಆಮೇಲೆ ತಡೆಯಲಾರದೆ, "ನನ್ನ ಮಗ ಏನೇನು ಕಲಿತ ಅಂತ ನಾನು ಓದಿ ತಿಳ್ಕೋಬೇಕು ನೋಡಿ. ನಕ್ಕಿದ್ದನ್ನೂ ಓದಿದೆ, ಮಗ್ಗುಲಾಗಿದ್ದನ್ನೂ ಓದಿದೆ, ಈಗ ಕೂತಿದ್ದನ್ನೂ ಓದಿದೆ. ಅವರು ಲಾರಿಯಿಂದ ಫೋನ್ ಮಾಡ್ತಾರಲ್ಲ, ಅವರಿಗೂ ಇದನ್ನೇ ಓದಿ ಹೇಳ್ತೀನಿ. ಹೆತ್ತವಳು ನಾನೋ, ಓದೋವಳು ನಾನೋ ಗೊತ್ತಾಗಲ್ಲ," ಎಂದು ಅತ್ತೇಬಿಟ್ಟಳು.

ಆ ರಾತ್ರಿ ಅಕ್ಕನಿಗೆ ನಿದ್ದೆ ಹತ್ತಲಿಲ್ಲ. ಬೆಳಗಾಗುವ ಹೊತ್ತಿಗೆ ಒಂದು ನಿರ್ಧಾರಕ್ಕೆ ಬಂದಿದ್ದಳು. ಇನ್ನು ಮೇಲೆ ಯಾವ ಮಗುವಿನ ಯಾವ ಮೊದಲನ್ನೂ ಬರೆಯುವುದಿಲ್ಲ. ಮೊದಲ ಮಾತು, ಮೊದಲ ಹೆಜ್ಜೆ, ಮೊದಲ ಚಪ್ಪಾಳೆ, ಯಾವುದನ್ನೂ. "ಇವತ್ತೋ ನಾಳೆಯೋ ಅನ್ನುವ ಹಾಗಿದೆ, ಮನೆಯಲ್ಲಿ ಕಣ್ಣಿಟ್ಟಿರಿ," ಎಂದಷ್ಟೇ ಬರೆಯುವುದು. ಅವರು ಮನೆಯಲ್ಲಿ ನೋಡಲಿ, ಅದೇ ಮೊದಲು ಎಂದುಕೊಳ್ಳಲಿ.

ಇದು ಚೆನ್ನಾಗಿಯೇ ನಡೆಯಿತು. ದೊರೆ ಅವಳ ಮನೆಯಲ್ಲಿ ಹೊತ್ತುಗೊತ್ತಿಲ್ಲದೆ "ಕೊಡು, ಕೊಡು" ಎಂದು ದಬಾಯಿಸಿದ ಮೇಲೆ ಒಂದು ಸಂಜೆ ಅವನ ತಂದೆ ಓಡಿ ಬಂದು, "ಅಕ್ಕ, ರಾತ್ರಿ ಇವನು ಮಾತಾಡಿದ! ಕೊಡು ಅಂದ!" ಎಂದಾಗ ಅಕ್ಕ ಎರಡೂ ಕೆನ್ನೆಗೆ ಕೈಯಿಟ್ಟುಕೊಂಡು, "ಹೌದಾ! ನನ್ನ ಹತ್ರ ತುಟಿ ಪಿಟಕ್ ಅಂದಿಲ್ಲ ನೋಡಿ, ಭಾರಿ ಕಿಲಾಡಿ," ಎಂದಳು. ಪಕ್ಕದಲ್ಲೇ ನಿಂತ ದೊರೆ ಅವಳ ಪೆನ್ನಿಗೆ ಬೆರಳು ತೋರಿಸಿ, "ಕೊಡು," ಎಂದ. ತಂದೆಯ ಮುಖ ಊರಗಲವಾಯಿತು. ಅಕ್ಕನೂ ನಕ್ಕಳು. ಇದರಲ್ಲಿ ಯಾರಿಗೆ ಏನು ನಷ್ಟ?

ಹೋದ ವಾರ ಗುಂಡ ನಡೆದ.

ಆಟಿಕೆ ಪೆಟ್ಟಿಗೆಯ ಅಂಚು ಬಿಟ್ಟು, ಎರಡೂ ಕೈ ಮೇಲೆತ್ತಿ, ಯಾರೋ ಹಿಂದಿನಿಂದ ನೂಕಿದವರ ಹಾಗೆ ತೂರಾಡುತ್ತ ಸೀದಾ ಬಾಗಿಲಿನವರೆಗೆ ಹೋದ. ಹೋದವನು ಸುಮ್ಮನಿರದೆ, ಬಾಗಿಲ ಹಿಡಿಗೆ ಜೋತುಬಿದ್ದ. ಒತ್ತಿದರೆ ಇಳಿಯುವ ಹಿಡಿ ಅದು. ಆ ಕಟ್ಟಡದ ಬಾಗಿಲುಗಳಿಗೆಲ್ಲ ಒಂದೇ ಥರದ್ದು. ಕ್ಲಿಕ್ ಎಂದು ಬಾಗಿಲು ತೆರೆದುಕೊಂಡಿತು. ಹೊರಗೆ ಮೆಟ್ಟಿಲು.

ಅಕ್ಕ ಓಡಿ ಹೋಗಿ ಅವನನ್ನು ಎತ್ತಿಕೊಂಡಳು. ಅದೇ ಸಂಜೆ ಬಡಗಿಯನ್ನು ಕರೆಸಿ, ಬಾಗಿಲಿಗೆ ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ ಹೊಸ ಚಿಲಕ ಹಾಕಿಸಿದಳು. ಗುಂಡನಿಗೆ ಮೆಟ್ಟಿಲನ್ನು ಬೆನ್ನು ಹಾಕಿ ಇಳಿಯುವುದನ್ನು ಕಲಿಸಿದಳು: ಹೊಟ್ಟೆ ನೆಲಕ್ಕೆ, ಕಾಲು ಹಿಂದೆ, "ಹಿಂದೆ ಹಿಂದೆ ಹಿಂದೆ." ಪುಸ್ತಕದಲ್ಲಿ ಬರೆದಳು: ಗೋಡೆ ಹಿಡಿದು ನಿಲ್ಲುತ್ತಾನೆ. ಇವತ್ತೋ ನಾಳೆಯೋ ಅನ್ನುವ ಹಾಗಿದೆ.

ಮರುದಿನ ಗುಂಡನ ತಾಯಿ ತಲೆಯೆತ್ತಿ ನೋಡಿ, "ಹೊಸ ಚಿಲಕಾನಾ ಅಕ್ಕ?" ಎಂದು ಕೇಳಿದಳು.

"ಹೂಂ ಕಣಮ್ಮ, ಗಾಳಿಗೆ ಬಾಗಿಲು ನಿಲ್ಲೋದೇ ಇಲ್ಲ," ಅಂದಳು ಅಕ್ಕ.

ತಾಯಿಗೆ ಆ ವಾರ ರಾತ್ರಿಪಾಳಿ. ಸಂಜೆ ಮಗುವನ್ನು ಕರೆದೊಯ್ದು, ಉಣಿಸಿ ಮಲಗಿಸಿ, ಅತ್ತೆಯ ಕೈಗೊಪ್ಪಿಸಿ ಹೋದರೆ ಬರುವುದು ಬೆಳಿಗ್ಗೆ. ಅಜ್ಜಿಯೋ ಗುಂಡನನ್ನು ತೊಡೆಯಿಂದ ನೆಲಕ್ಕೇ ಬಿಡುವವಳಲ್ಲ. "ರಜೆ ಬರೋವರೆಗೂ ತಡ್ಕೋ ಮಗನೇ," ಎಂದು ತಾಯಿ ಅವನ ಪಾದಕ್ಕೆ ಮುತ್ತಿಟ್ಟು ಹೇಳುತ್ತಿದ್ದಳು. "ಇಡೀ ದಿನ ನಿನ್ನೆದುರು ಕೂತಿರ್ತೀನಿ. ನಡಿ ಆಗ, ಎಷ್ಟು ಬೇಕಾದ್ರೂ ನಡಿ." ಇನ್ನೆರಡು ದಿನ ತಾನೇ, ಎಂದುಕೊಂಡು ಅಕ್ಕ ಬಾಯಿ ಮುಚ್ಚಿಕೊಂಡಿದ್ದಳು.

ಆ ತಪ್ ತಪ್ ಸದ್ದಿನ ರಾತ್ರಿ ಕಳೆದು ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಬಾಗಿಲ ಗಂಟೆ ಬಿಡುವಿಲ್ಲದೆ ಹೊಡೆದುಕೊಂಡಿತು. ಅಕ್ಕ ಚಿಲಕ ತೆಗೆದರೆ ಅಜ್ಜಿ ನಿಂತಿದ್ದಳು, ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಕಾಲು ಬರಿದು. ಗೋಡೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಗುಂಡ ಇಲ್ಲಿದ್ದಾನಾ? ಸೊಸೆ ಬೇಗ ಬಂದು ಇಲ್ಲಿ ಬಿಟ್ಟು ಹೋದ್ಲಾ?"

"ಇಲ್ಲ ಅಜ್ಜಿ. ಯಾಕೆ? ಏನಾಯ್ತು?"

"ಇಲ್ಲಾ?" ಅಜ್ಜಿಯ ಮುಖ ಬೂದಿಯಾಯಿತು. "ಪಕ್ಕದಲ್ಲೇ ಮಲಗಿಸಿಕೊಂಡಿದ್ದೆ ಕಣಮ್ಮ. ಈಗ ಕೈಯಾಡಿಸಿದ್ರೆ ಹಾಸಿಗೆ ತಣ್ಣಗಿದೆ. ಮಂಚದ ಕೆಳಗೆ ನೋಡಿದೆ, ಬಚ್ಚಲು ನೋಡಿದೆ. ಬಾಗಿಲು ತೆರೆದೇ ಇದೆ! ಯಾರೋ ಎತ್ಕೊಂಡು ಹೋದ್ರು. ನನ್ನ ಪಕ್ಕದಿಂದಾನೇ ಎತ್ಕೊಂಡು ಹೋದ್ರಲ್ಲೇ!"

"ಚಿಲಕ ಹಾಕಿರಲಿಲ್ವಾ ಅಜ್ಜಿ?"

"ಬೆಳಿಗ್ಗೆ ಅವಳು ಬಂದಾಗ ನನ್ನ ಮಂಡಿ ಎದ್ದು ಬರಬೇಕಲ್ಲ ಅಂತ ಬರೀ ಎಳ್ಕೊಂಡಿದ್ದೆ. ಅಂಬೆಗಾಲಿಡೋ ಮಗು, ಹಿಡಿ ಎಟುಕುತ್ತಾ ಅದಕ್ಕೆ?"

ತಪ್... ತಪ್.

ಅಕ್ಕನಿಗೆ ಆಗ ಅದು ಕೇಳಿಸಿತು, ರಾತ್ರಿ ಕೇಳಿಸಿದ್ದಕ್ಕಿಂತ ಜೋರಾಗಿ. ಪೈಪಲ್ಲ. ಅಂಗೈ. ಅವಳು ಹಟ ಹಿಡಿದು ಹೊದಿಕೆ ಎಳೆದುಕೊಂಡಾಗ ಮಗು ಈ ಹಲಗೆಯ ಆ ಕಡೆ ನಿಂತಿತ್ತು. ಕಳ್ಳನಾ ಪೊಲೀಸಾ ಎಂಬ ದನಿಗೆ ಕಾದಿತ್ತು. ಆಮೇಲೆ? ಎಷ್ಟು ಹೊತ್ತಾಯಿತು? ಆಮೇಲೆ ಎಲ್ಲಿಗೆ ಹೋಯಿತು?

"ನಡೀರಿ ಅಜ್ಜಿ, ಕೆಳಗೆ," ಎಂದು ಬರಿಗಾಲಲ್ಲೇ ಓಡಿದಳು.

ಕೆಳಗೆ ಕಾವಲುಗಾರ ಮುಖ ತೊಳೆಯುತ್ತಿದ್ದ. ಸುದ್ದಿ ಕೇಳಿ ಅವನ ಕೈಯ ಚೊಂಬು ಜಾರಿ ಬಿತ್ತು.

"ಗೇಟಿಗೆ ಬೀಗ ಇತ್ತಮ್ಮ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತಿದ್ದೆ ರಾತ್ರಿಯೆಲ್ಲ."

"ಎಣ್ಣೆ ಬಿಟ್ಕೊಂಡಿದ್ಯೋ, ಕಂಬಳಿ ಹೊದ್ಕೊಂಡಿದ್ಯೋ!" ಮೆಟ್ಟಿಲ ಮೇಲಿನಿಂದಲೇ ಅಜ್ಜಿ ಕಿರುಚಿದಳು. "ನಡೆಯೋಕೆ ಬರದ ಮಗು ರೆಕ್ಕೆ ಕಟ್ಕೊಂಡು ಹೋಯ್ತಾ?"

"ಅದೇ ಅಮ್ಮ ನಾನೂ ಹೇಳೋದು. ನಡೆಯೋಕೆ ಬರಲ್ಲ ಅಂದ್ಮೇಲೆ ಯಾರೋ ಎತ್ಕೊಂಡೇ ಹೋಗಿರಬೇಕು. ಹಿಂದಿನ ಗೋಡೆ ಹಾರಿ ಬಂದಿರ್ತಾರೆ. ಈಗ ಬಸ್‌ಸ್ಟ್ಯಾಂಡಿಗೆ ಹೋದ್ರೆ ಸಿಕ್ಕರೂ ಸಿಗಬಹುದು. ನಾನು ಸೈಕಲ್ ತಗೋತೀನಿ, ನೀವು ಪೊಲೀಸರಿಗೆ ಫೋನ್ ಮಾಡಿ." ಅವನು ಗೇಟು ತೆರೆದು ಹೊರಟೇಬಿಟ್ಟ.

ಅಜ್ಜಿ ಕೊನೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. "ಇನ್ನೇನು ಸೊಸೆ ಬರ್ತಾಳೆ. ಎಲ್ಲಿ ಅತ್ತೆ ನನ್ನ ಮಗು ಅಂದ್ರೆ ಏನು ಹೇಳ್ಲಿ? ನನ್ನ ಮಗ ಫೋನ್ ಮಾಡಿದ್ರೆ ಏನು ಹೇಳ್ಲಿ? ಇದಕ್ಕಿಂತ ದೇವರು ನನ್ನನ್ನೇ ಎತ್ಕೊಂಡು ಹೋಗಬಾರದಿತ್ತಾ?"

ಎಲ್ಲರೂ ಬೀದಿಯಲ್ಲಿ ಹುಡುಕುತ್ತಾರೆ. ಬಸ್ಸಿನಲ್ಲಿ, ರೈಲಿನಲ್ಲಿ, ಕಂಡಕಂಡವರ ಕಂಕುಳಲ್ಲಿ ಹುಡುಕುತ್ತಾರೆ. ಮಗು ಇಲ್ಲೇ ಎಲ್ಲೋ, ಯಾವುದೋ ಸಂದಿಯಲ್ಲಿ, ಯಾವುದೋ ನೀರಿನಲ್ಲಿ... ಹೇಳಿದರೆ ಇಷ್ಟು ವರ್ಷ ಅಕ್ಕನ ಪುಸ್ತಕ ನಂಬಿ ಸಹಿ ಮಾಡಿದವರೆಲ್ಲ ಏನನ್ನುತ್ತಾರೆ? ಹೇಳದಿದ್ದರೆ?

"ಅಜ್ಜಿ," ಅಂದಳು. "ಯಾರೂ ಎತ್ಕೊಂಡು ಹೋಗಿಲ್ಲ. ಗುಂಡ ನಡೀತಾನೆ."

"ಏನಂದೆ?"

"ನಡೀತಾನೆ ಅಜ್ಜಿ. ಹೋದ ವಾರದಿಂದ. ಹಿಡಿ ಒತ್ತಿ ಬಾಗಿಲೂ ತೆಗೀತಾನೆ. ಮೆಟ್ಟಿಲೂ ಇಳೀತಾನೆ, ನಾನೇ ಕಲಿಸಿದೆ."

ಅಜ್ಜಿ ಗೋಡೆ ಹಿಡಿದು ಏಳಲು ನೋಡಿದಳು. "ಗೋಡೆ ಹಿಡಿದು ನಿಲ್ತಾನೆ ಅಂತ ಬರೆದಿದ್ದೆಯಲ್ಲೇ," ಎಂದಳು. "ನಿನ್ನೆ ಸಂಜೆ ಅವಳು ನನಗೆ ಓದಿ ಹೇಳಿದ್ಲು."

ಅಕ್ಕ ಮೆಟ್ಟಿಲಿನ ಕಡೆ ತಿರುಗಿದಳು. ಹುಡುಕತೊಡಗಿದಳು.

ಮೆಟ್ಟಿಲಿನ ಕೆಳಗೆ ಮಕ್ಕಳನ್ನು ಹೊರಗೆ ಕರೆದೊಯ್ಯುವ ತಳ್ಳುಗಾಡಿ ಇತ್ತು. ಖಾಲಿ. ಮೀಟರಿನ ಗೂಡು, ಖಾಲಿ. ಸೈಕಲ್ಲುಗಳ ಸಂದಿಯಲ್ಲಿ ಬೆಕ್ಕೊಂದು ಎದ್ದು ಹೋಯಿತು. ಹಿತ್ತಲಿನ ನೀರಿನ ತೊಟ್ಟಿಗೆ ಕಬ್ಬಿಣದ ಮುಚ್ಚಳವಿತ್ತು, ದೊಡ್ಡವರಿಗೇ ಎತ್ತಲು ಕಷ್ಟ. ಆದರೂ ಮಂಡಿಯೂರಿ, ಉಗುರು ಮುರಿಯುವಂತೆ ಎತ್ತಿದಳು. ಕಪ್ಪು ನೀರು ಅಲುಗದೆ ನಿಂತಿತ್ತು. ಅಷ್ಟಕ್ಕೇ ಸಮಾಧಾನವಾಗದೆ ತೋಳು ಮುಳುಗುವವರೆಗೆ ಕೈಯಾಡಿಸಿದಳು. ನೀರಷ್ಟೇ. ಚರಂಡಿಯ ಜಾಲರಿ, ಕಸದ ಡಬ್ಬ, ಬೇಲಿಯ ಬುಡ. "ಗುಂಡಾ... ಗುಂಡಪ್ಪಾ..." ಎಂದು ಕರೆದರೆ ದನಿಯೇ ಹೊರಡದು. ಅಳುವ ಮಗುವಾದರೆ ಹುಡುಕಬಹುದು. ಇದು ಅಳುತ್ತಲೂ ಇಲ್ಲ.

ಅಳುತ್ತಿಲ್ಲ ಎಂದರೆ ಒಂದೋ... ಆ 'ಒಂದೋ'ವನ್ನು ಅವಳು ಮನಸ್ಸಿನಿಂದ ಒದ್ದು ತಳ್ಳಿದಳು. ಇಲ್ಲ, ಮಲಗಿದ್ದಾನೆ. ಮಲಗಿದರೆ ಎಲ್ಲಿ ಮಲಗುತ್ತಾನೆ? ತಾನೇ ದಿನಾ ಬರೆದದ್ದು ಕಣ್ಣೆದುರಿಗೆ ಬಂತು. 'ಮಲಗಿದ್ದು: ಪರದೆಯೊಳಗೆ ತಲೆ ತೂರಿಸಿಕೊಂಡು ಮಲಗಿದ.' 'ನನ್ನ ಸೆರಗಿನೊಳಗೆ.' 'ಒಣಗಲು ಹಾಕಿದ ಹಾಸಿಗೆವಸ್ತ್ರದ ಕೆಳಗೆ.' ನಿದ್ದೆ ಬಂದರೆ ಗುಂಡನಿಗೆ ಇಳಿಬಿದ್ದ ಬಟ್ಟೆ ಬೇಕು. ಬಟ್ಟೆ! ಈ ಕಾಂಕ್ರೀಟಿನ ನಡುವೆ ಇಳಿಬಿದ್ದ ಬಟ್ಟೆ ಎಲ್ಲಿದೆ?

ಅಷ್ಟರಲ್ಲಿ ಕೀಲಿಯ ಗೊಂಚಲು ಝಣಗುಟ್ಟಿತು. ನೆಲಮಹಡಿಯ ಕಾರಿನವರು, ದಿನಾ ನಸುಕಿಗೇ ಕೆಲಸಕ್ಕೆ ಹೊರಡುವವರು, ಬೆರಳಲ್ಲಿ ಕೀಲಿ ತಿರುಗಿಸುತ್ತ ಬಂದರು. "ಏನಮ್ಮ ಗಲಾಟೆ ಬೆಳಬೆಳಿಗ್ಗೆ?" ಎನ್ನುತ್ತಲೇ ಕಾರಿಗೆ ಹೊದಿಸಿದ್ದ ಬೂದುಬಣ್ಣದ ಬಟ್ಟೆಯನ್ನು ಮುಂದಿನಿಂದ ಎಳೆಯತೊಡಗಿದರು. ಬಟ್ಟೆಯ ಅಂಚು ನೆಲಕ್ಕೆ ತಾಗುವಷ್ಟು ಇಳಿಬಿದ್ದಿತ್ತು.

"ಮುಟ್ಟಬೇಡಿ!"

ತನ್ನ ಗಂಟಲಿನಿಂದ ಅಂಥ ಕೂಗು ಬರುತ್ತದೆಂದು ಅಕ್ಕನಿಗೇ ಗೊತ್ತಿರಲಿಲ್ಲ. ಅವರು ಬೆಚ್ಚಿ ಕೈ ಬಿಟ್ಟರು. ಅವಳು ನೆಲಕ್ಕೆ ಬಿದ್ದು, ಬಟ್ಟೆಯ ಅಂಚೆತ್ತಿ ಕೆಳಗೆ ನೋಡಿದಳು. ಮುಂದಿನ ಚಕ್ರ, ಎಣ್ಣೆಯ ಕಲೆ. ತೆವಳಿ ಹಿಂದೆ ಹೋದಳು. ಹಿಂದಿನ ಚಕ್ರಕ್ಕೆ ಆತುಕೊಂಡು, ತಲೆಯನ್ನು ಬಟ್ಟೆಯ ಮಡಿಕೆಯೊಳಗೆ ತೂರಿಸಿ, ಅಂಡು ಮೇಲೆ ಮಾಡಿ ಗುಂಡ ಮಲಗಿದ್ದ. ಒಂದು ಕಾಲಿಗೆ ಕಾಲುಚೀಲವಿತ್ತು, ಇನ್ನೊಂದು ಬರಿಗಾಲು. ಮುಟ್ಟಿದರೆ ಮಂಜುಗಡ್ಡೆ.

ಎಳೆದು ಎದೆಗವಚಿಕೊಂಡಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಗುಂಡ ಸೊರ್ರೆಂದು ಮೂಗೆಳೆದು, ಕಣ್ಣುಜ್ಜಿ, ಯಾಕೆ ಎಬ್ಬಿಸಿದೆ ಎಂಬಂತೆ ಮುಖ ಸಿಂಡರಿಸಿದ. ಗದ್ದದ ಕೆಳಗೆ ತರಚಿ ರಕ್ತ ಹೆಪ್ಪುಗಟ್ಟಿತ್ತು.

"ಅಯ್ಯೋ, ನಾನು ಹಿಂದಕ್ಕೇ ತೆಗೀತಿದ್ದೆ ಕಣಮ್ಮ," ಎಂದರು ಕಾರಿನವರು. ಕೀಲಿಯನ್ನು ಜೇಬಿಗೆ ತುರುಕಿಕೊಂಡರು. "ದಿನಾ ಹಿಂದಕ್ಕೇ ತೆಗೆಯೋದು." ಅವರು ಅಲ್ಲೇ ಗೋಡೆಗೊರಗಿ ಕೂತುಬಿಟ್ಟರು.

ಅಜ್ಜಿ ಮೊಮ್ಮಗನ ಪಾದ ಹಿಡಿದು ಅಳುತ್ತಿದ್ದಾಗಲೇ ಗೇಟಿನಲ್ಲಿ ಅವನ ತಾಯಿ ಕಾಣಿಸಿಕೊಂಡಳು. ಹೆಗಲಲ್ಲಿ ಚೀಲ, ನಿದ್ದೆಗೆಟ್ಟ ಕಣ್ಣು. ದಾರಿಯಲ್ಲಿ ಸೈಕಲ್ಲಿನ ಕಾವಲುಗಾರ ಸಿಕ್ಕಿರಬೇಕು. ಓಡಿ ಬಂದಿದ್ದಳು, ಏದುಸಿರಿನಲ್ಲಿ ಮಾತು ಬರುತ್ತಿರಲಿಲ್ಲ. ಗುಂಡ ಅವಳನ್ನು ನೋಡಿದ. ಅಕ್ಕನ ತೋಳಿನಲ್ಲಿ ಕೊಸರಾಡಿ ಕೆಳಗಿಳಿದ. ಎರಡೂ ಕೈ ಮೇಲೆತ್ತಿ, ತೂರಾಡುತ್ತ, ಒಂದು ಬರಿಗಾಲು ಒಂದು ಕಾಲುಚೀಲದ ಕಾಲಿನಲ್ಲಿ ಸೀದಾ ತಾಯಿಯ ಕಡೆ ನಡೆದ.

ತಾಯಿ ಅಲ್ಲೇ ಮಂಡಿಯೂರಿದಳು. "ನಡೀತಿದ್ದಾನೆ," ಎಂದಳು. "ಅತ್ತೆ, ನೋಡಿ, ನಡೀತಿದ್ದಾನೆ! ನನ್ನ ಕಂದ ನಡೀತಿದ್ದಾನೆ!" ಅವಳ ಕೈ ಚೀಲದಲ್ಲಿ ಫೋನಿಗಾಗಿ ತಡಕಾಡಿತು. ಮಗು ಬಂದು ಅವಳ ಎದೆಗೆ ಬಿತ್ತು.

ಈ ಒಂದು ಗಳಿಗೆಗಾಗಿಯೇ ಅಕ್ಕ ಒಂದು ವಾರ ಬಾಯಿ ಹೊಲಿದುಕೊಂಡದ್ದು. ಅದು ಹೀಗೆ ಬಂತು.

"ಹೂಂ, ನೋಡು," ಎಂದಳು ಅಜ್ಜಿ. ದುಃಖವೆಲ್ಲ ಸಿಟ್ಟಾಗಿ ತಿರುಗಿತ್ತು. "ನನ್ನನ್ನ ಬೈಬೇಡ ತಾಯಿ. ಬಾಗಿಲು ಬರೀ ಎಳ್ಕೊಂಡಿದ್ದು ನಾನೇ, ತಪ್ಪೇ. ಆದ್ರೆ ನನಗೇನು ಗೊತ್ತಿತ್ತು ಇವನು ನಡೀತಾನೆ ಅಂತ? ಗೊತ್ತಿದ್ದೋರು ಬೇರೆ ಇದ್ರು. ಕೇಳು ನಿನ್ನ ಅಕ್ಕನ್ನ."

ತಾಯಿ ತಲೆಯೆತ್ತಿದಳು. ಮುಖದಲ್ಲಿ ನಗು ಇನ್ನೂ ಪೂರ್ತಿ ಆರಿರಲಿಲ್ಲ.

"ಮೇಲೆ ಹೋಗೋಣ," ಎಂದಳು ಅಕ್ಕ. "ಮಗು ತಣ್ಣಗಾಗಿದೆ."

ಬಾಗಿಲು ತೆರೆಯಲು ಅವಳೇ ಮುಂದೆ ಮೆಟ್ಟಿಲು ಹತ್ತಿದಳು. ಅವಳ ಮನೆಯ ಮುಂದಿನ ಕಾಲೊರಸಿನ ಮೇಲೆ, ಬಾಗಿಲಿಗೆ ಒತ್ತಿಕೊಂಡು, ಪುಟ್ಟ ನೀಲಿ ಕಾಲುಚೀಲ ಬಿದ್ದಿತ್ತು. ನಸುಕಿನಲ್ಲಿ ಅದನ್ನು ದಾಟಿಯೇ ಓಡಿದ್ದಳು. ಹಿಂದೆ ಅಜ್ಜಿಯ ಮಂಡಿ ಒಂದೊಂದೇ ಮೆಟ್ಟಿಲು ಏರುತ್ತಿತ್ತು, ಅವಳ ಹಿಂದೆ ತಾಯಿ. ಅಕ್ಕ ಬಗ್ಗಿ ಅದನ್ನು ಎತ್ತಿ ಮುಷ್ಟಿಯೊಳಗೆ ಸೇರಿಸಿಕೊಂಡಳು.

ಒಳಗೆ ತಾಯಿ ಗುಂಡನನ್ನು ಹೊದಿಕೆಯಲ್ಲಿ ಸುತ್ತಿ, ನರ್ಸಿನ ಕೈಯಿಂದ ಗದ್ದದ ಗಾಯ ಒರೆಸಿದಳು. ಕೈ ಪಳಗಿದ್ದು, ಅಲುಗಲಿಲ್ಲ. ಆಮೇಲೆ ಶೆಲ್ಫಿನಿಂದ ಗುಂಡನ ಪುಸ್ತಕ ತಾನೇ ತೆಗೆದಳು. ಒಂದೊಂದೇ ಪುಟ ಹಿಂದಕ್ಕೆ ತಿರುವಿದಳು. ಗೋಡೆ ಹಿಡಿದು ನಿಲ್ಲುತ್ತಾನೆ. ಗೋಡೆ ಹಿಡಿದು ನಿಲ್ಲುತ್ತಾನೆ. ಪ್ರತಿ ಪುಟದ ಕೆಳಗೂ ಅವಳ ಸಹಿ. ಪುಸ್ತಕ ಮುಚ್ಚಿ ಬಾಗಿಲ ಕಡೆ ನೋಡಿದಳು. ಮೇಲಿನ ಚಿಲಕ ಹೊಳೆಯುತ್ತಿತ್ತು.

"ಗಾಳಿಗೆ ಅಂದ್ರಿ."

"ನಿನಗೆ ಮೊದಲು ಕಾಣಲಿ ಅಂತಮ್ಮ," ಎಂದಳು ಅಕ್ಕ. "ಅವತ್ತು ನೀನು ಅತ್ತಿದ್ದು ನೋಡೋಕೆ ಆಗಲಿಲ್ಲ. ಇನ್ನೆರಡು ದಿನ, ನಿನ್ನ ರಜೆ ಬಂದ್ರೆ..."

"ನಿಮ್ಮ ಬಾಗಿಲಿಗೆ ಚಿಲಕ ಹಾಕಿಸ್ಕೊಂಡ್ರಿ."

"ಹೂಂ."

"ಒಂದು ಮಾತು ಅತ್ತೆಗೆ ಹೇಳಬಹುದಿತ್ತು. ಚಿಲಕ ಹಾಕಿ ಅಂತ. ಯಾಕೆ ಅಂತ ಕೂಡ ಹೇಳಬೇಕಾಗಿರಲಿಲ್ಲ."

ಅಷ್ಟು ಸುಲಭವಾದ ಮಾತು. ಇಡೀ ವಾರ ಅದು ಅಕ್ಕನಿಗೆ ಹೊಳೆದಿರಲಿಲ್ಲ. ತನ್ನ ಬಾಗಿಲಿನ ಒಳಗಿನದ್ದಷ್ಟೇ ಅವಳ ಕೆಲಸವಾಗಿತ್ತು, ಹೊರಗಿನದ್ದು ಅವರ ಸಂತೋಷ. ಅವಳು ತಲೆ ತಗ್ಗಿಸಿ ನಿಂತಳು. ಹೋಗು ಎಂದರೆ ಹೋಗಲು, ಉಗುಳಿದರೆ ಒರೆಸಿಕೊಳ್ಳಲು ತಯಾರಾಗಿ ನಿಂತಳು.

ತಾಯಿ ಬೈಯಲಿಲ್ಲ. ಗೋಡೆಗೆ ತಲೆಯಾನಿಸಿದಳು. "ಇವತ್ತು ರಾತ್ರೀನೂ ನನಗೆ ಡ್ಯೂಟಿ ಇದೆ," ಎಂದಳು, ಯಾರಿಗೋ ಹೇಳುವಂತೆ. "ಹಗಲು ನಾನು ಮಲಗದೇ ಇದ್ರೆ ಅಲ್ಲಿ ಯಾರಿಗೋ ತಪ್ಪು ಸೂಜಿ ಚುಚ್ಚಿಬಿಡ್ತೀನಿ. ಇವನನ್ನ ಎತ್ಕೊಂಡು ಎಲ್ಲಿಗೆ ಹೋಗ್ಲಿ? ನಿಮ್ಮನ್ನ ಬಿಟ್ರೆ ನನಗೆ ಯಾರಿದ್ದಾರೆ ಹೇಳಿ. ಸಿಟ್ಟು ಮಾಡ್ಕೊಳ್ಳೋಕೂ ನನಗೆ ಪುರುಸೊತ್ತಿಲ್ಲ." ಪುಸ್ತಕವನ್ನು ಅಕ್ಕನ ಕಡೆ ತಳ್ಳಿ, "ಇನ್ಮೇಲೆ ಎಲ್ಲಾನೂ ಬರೀರಿ 'ಹೊಸದು' ಅನ್ನೋ ಕಡೆ. ನಾನು ಅತ್ರೂ ಬರೀರಿ," ಎಂದಳು.

"ಬರೀತೀನಿ."

ಅಕ್ಕ ಕೂತು ಬರೆದಳು. ಪೆನ್ನು ಹಿಡಿಯಲು ಮುಷ್ಟಿಯಲ್ಲಿದ್ದದ್ದನ್ನು ಎಡಗೈಗೆ ಬದಲಿಸಿದಳು. ಮೈಕೈ: ಗದ್ದದ ಕೆಳಗೆ ತರಚಿದ ಗಾಯ, ರಾತ್ರಿ ಮೆಟ್ಟಿಲಿನಲ್ಲಿ ಆಗಿರಬೇಕು. ಮಲಗಿದ್ದು: ಕಾರಿನ ಬಟ್ಟೆಯ ಕೆಳಗೆ. ಹೊಸದು: ನಡೆಯುತ್ತಾನೆ, ಹೋದ ವಾರದಿಂದ. ಬಾಗಿಲು ತೆಗೆಯುತ್ತಾನೆ. ಮೆಟ್ಟಿಲು ಇಳಿಯುತ್ತಾನೆ. ತಾಯಿ ಓದಿ ಸಹಿ ಮಾಡಿದಳು. ಮಾಡಿ, ಪೆನ್ನು ಕೈಯಲ್ಲೇ ಹಿಡಿದು ಏನೋ ನೆನಪಾದವಳಂತೆ ಕೇಳಿದಳು:

"ಇವನು ಕೆಳಗಿಳಿದ್ರೆ ಮೊದಲು ನಿಮ್ಮ ಬಾಗಿಲಿಗೇ ಬರಬೇಕಲ್ವಾ ಅಕ್ಕ? ದಿನಾ ಬಂದು ಬಡಿಯೋ ಬಾಗಿಲು. ರಾತ್ರಿ ನಿಮಗೆ ಏನೂ ಕೇಳಿಸಲಿಲ್ವಾ?"

ಅಜ್ಜಿಯೂ ಅವಳ ಕಡೆ ನೋಡಿದಳು. ಹೊದಿಕೆಯೊಳಗಿನಿಂದ ಗುಂಡನೂ ನೋಡಿದ.

ಪೆನ್ನು ಅವಳತ್ತ ಚಾಚಿಕೊಂಡೇ ಇತ್ತು. ಪುಟದಲ್ಲಿ ಇನ್ನೂ ಜಾಗವಿತ್ತು.

"ಇಲ್ಲ ಕಣಮ್ಮ," ಎಂದಳು ಅಕ್ಕ. "ಏನೂ ಕೇಳಿಸಲಿಲ್ಲ."

"ಪಾಪ, ಹಗಲೆಲ್ಲ ದಣಿದಿರ್ತೀರ," ಎಂದಳು ತಾಯಿ. ಅವಳು ಪೆನ್ನು ಕೆಳಗಿಟ್ಟಳು.

ಅವರು ಮೇಲೆ ಹೋದರು. ಅಕ್ಕ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಮುಷ್ಟಿ ಬಿಚ್ಚಿದರೆ ಕಾಲುಚೀಲ ಬೆವರಿಗೆ ಒದ್ದೆಯಾಗಿತ್ತು. ಫೋನು ರಿಂಗಾಯಿತು. ತಂಗಿ.

"ಹೇಗಿತ್ತು ರಾತ್ರಿ? ಎದ್ದು ಓಡಾಡಲಿಲ್ಲ ತಾನೇ?"

"ಇಲ್ಲ. ಏಳಲಿಲ್ಲ."

"ನೋಡಿದ್ಯಾ! ನಾನು ಹೇಳಿರಲಿಲ್ವಾ? ಏನಾದ್ರೂ ಕೊಳ್ಳೆ ಹೋಯ್ತಾ?"

ಅಕ್ಕನ ಗಂಟಲವರೆಗೂ ಮಾತು ಬಂತು. ಹೇಳಿದರೆ ತಂಗಿ ಜೀವಮಾನವಿಡೀ ತನ್ನ ಬಾಯನ್ನೇ ಶಪಿಸಿಕೊಳ್ಳುತ್ತಾಳೆ. ಹೇಳಿದರೆ ಆ ತಾಯಿ ಈ ಬಾಗಿಲಿಗೆ ಮತ್ತೆ ಮಗುವಿನ ಕೈ ಬಡಿಸುವುದಿಲ್ಲ, ಬಡಿಸಲು ಅವಳಿಗೆ ಬೇರೆ ಬಾಗಿಲೂ ಇಲ್ಲ. ಅವಳು ಅದನ್ನು ನುಂಗಿಕೊಂಡಳು. ತಂಗಿಗೂ ಇಲ್ಲ, ಆ ತಾಯಿಗೂ ಇಲ್ಲ, ಅಜ್ಜಿಗೂ ಇಲ್ಲ. ಯಾರಿಗೂ, ಯಾವತ್ತಿಗೂ ಇಲ್ಲ.

"ಇಲ್ಲ ಕಣೇ," ಎಂದಳು. "ಚೆನ್ನಾಗಿ ನಿದ್ದೆ ಬಂತು."